ಗೆದ್ದಲು ಕಟ್ಟಿದ ಹುತ್ತ: ಡೊಮೈನ್ ವ್ಯಾಪಾರ ಮತ್ತು ಟ್ರೇಡ್‌ಮಾರ್ಕ್

(ಡೊಮೈನ್ ಹೆಸರುಗಳನ್ನು, ಅಂದರೆ ಜಾಲತಾಣಗಳ ವಿಳಾಸಗಳನ್ನು, ಕೊಂಡು ಮಾರುವವರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕಾನೂನಿನ ಮಾತಿಗೆ ಹೋಗುವ ಮೊದಲು ಒಂದು ಹಳೆಯ ಪ್ರಕರಣ ಹೇಳುತ್ತೇನೆ. ನಮ್ಮ ದಂಧೆಯ ಅರ್ಧ ಪಾಠ ಅದರೊಳಗೇ ಇದೆ.

1995ರ ಸುಮಾರಿಗೆ ಅಮೆರಿಕದ ಒಬ್ಬಾತ ಪಾನಾವಿಷನ್ ಡಾಟ್ ಕಾಮ್ ಎಂಬ ಹೆಸರನ್ನು ನೋಂದಾಯಿಸಿಕೊಂಡ. ಪಾನಾವಿಷನ್ ಎಂದರೆ ಸಿನಿಮಾ ಕ್ಯಾಮೆರಾಗಳಿಗೆ ಹೆಸರಾದ ಕಂಪನಿ. ಆ ವಿಳಾಸ ತೆರೆದು ನೋಡಿದರೆ ಕ್ಯಾಮೆರಾದ ಸುಳಿವೇ ಇಲ್ಲ. ಇಲಿನಾಯ್ ರಾಜ್ಯದ ಪಾನಾ ಎಂಬ ಪುಟ್ಟ ಪಟ್ಟಣದ ಫೋಟೊಗಳು ಮಾತ್ರ ಇದ್ದವು. ಪಾನಾದ ನೋಟ, ಅಂದರೆ ಪಾನಾ ವಿಷನ್! ಜಾಣತನವನ್ನು ಮೆಚ್ಚಲೇಬೇಕು. ಕಂಪನಿಯ ವಕೀಲರು ಪತ್ರ ಬರೆದರು. 13,000 ಡಾಲರ್ ಕೊಟ್ಟರೆ ಹೆಸರು ಬಿಟ್ಟುಕೊಡುತ್ತೇನೆ ಎಂದು ಈತ ಉತ್ತರಿಸಿದ. ಕಂಪನಿ ಒಪ್ಪಲಿಲ್ಲ. ಸುಮ್ಮನಿರದ ಈತ ಅದೇ ಕಂಪನಿಯ ಇನ್ನೊಂದು ಟ್ರೇಡ್‌ಮಾರ್ಕ್ ಆಗಿದ್ದ ಪಾನಾಫ್ಲೆಕ್ಸ್ ಹೆಸರನ್ನೂ ನೋಂದಾಯಿಸಿದ. ಆ ಪುಟದಲ್ಲಿ ಇದ್ದದ್ದು ಒಂದೇ ಒಂದು ಪದ: ‘ಹಲೋ’.

ಮೊಕದ್ದಮೆ ನಡೆದು 1998ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ‘ನಾನು ಅವರ ಹೆಸರಿನಲ್ಲಿ ಏನನ್ನೂ ಮಾರಿಲ್ಲ, ಊರಿನ ಚಿತ್ರ ಹಾಕಿದ್ದೇನೆ ಅಷ್ಟೆ’ ಎಂಬುದು ಆತನ ವಾದ. ನ್ಯಾಯಾಲಯ ಚಿತ್ರಗಳನ್ನು ನೋಡುತ್ತಾ ಕೂರಲಿಲ್ಲ, ಪತ್ರವನ್ನು ನೋಡಿತು. ಬೇರೆಯವರ ಟ್ರೇಡ್‌ಮಾರ್ಕ್‌ಗಳನ್ನು ಡೊಮೈನ್ ಆಗಿ ನೋಂದಾಯಿಸಿ ಅವರಿಗೇ ಮಾರುವುದು ಈತನ ವ್ಯಾಪಾರ, ಆ ವ್ಯಾಪಾರವೇ ಹೆಸರಿನ ಬಳಕೆ ಎಂದು ಹೇಳಿತು. ಆತ ಇಂಥ ನೂರಕ್ಕೂ ಹೆಚ್ಚು ಹೆಸರುಗಳನ್ನು ಇಟ್ಟುಕೊಂಡಿದ್ದದ್ದೂ ಅವನಿಗೆ ಮುಳುವಾಯಿತು.

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿತು ಎಂಬ ಮಾತು ನಮ್ಮಲ್ಲಿದೆಯಲ್ಲ, ಬೇರೆಯವರ ಹೆಸರನ್ನು ಹೀಗೆ ಡೊಮೈನ್ ಆಗಿ ಹಿಡಿದು ಕೂರುವ ಸೈಬರ್‌ಸ್ಕ್ವಾಟಿಂಗ್ ಎಂಬ ಪದಕ್ಕೆ ಅದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ. ಡೊಮೈನ್ ಕೊಳ್ಳುವ ಮುನ್ನ ನಾನು ಈಗ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಹೆಸರಿಗೆ ಬೆಲೆ ಬಂದದ್ದು ಎಲ್ಲಿಂದ? ಪದಕ್ಕೇ ಬೆಲೆ ಇದ್ದರೆ ಅದು ಮೊದಲು ಬಂದವನ ಅದೃಷ್ಟ. ಯಾರೋ ವರ್ಷಗಟ್ಟಲೆ ಸರಕು ಮಾರಿ, ಜಾಹೀರಾತು ಕೊಟ್ಟು, ಗಿರಾಕಿಗಳ ನಂಬಿಕೆ ಗಳಿಸಿದ್ದರಿಂದ ಬೆಲೆ ಬಂದಿದ್ದರೆ ಹುತ್ತ ಅವರದು. ತೀರ್ಪುಗಾರರು ನೂರು ಬಗೆಯ ಮಾತಿನಲ್ಲಿ ಹುಡುಕುವುದೂ ಇದನ್ನೇ.

ಹೊಸಬರು ಮೊದಲು ಎಡವುವುದು ‘ನೋಂದಣಿ’ ಎಂಬ ಪದದಲ್ಲಿ. ಜಮೀನಿನ ನೋಂದಣಿಯಂತೆ ಇದೂ ಒಡೆತನದ ದಾಖಲೆ ಎಂದು ಭಾವಿಸುತ್ತಾರೆ. ಅಲ್ಲ. ಡೊಮೈನ್ ಎಂದರೆ ರಿಜಿಸ್ಟ್ರಾರ್, ಅಂದರೆ ಹೆಸರು ನೋಂದಾಯಿಸಿಕೊಡುವ ಕಂಪನಿಯ ಜೊತೆ ಮಾಡಿಕೊಂಡ ಒಪ್ಪಂದ, ಒಮ್ಮೆಗೆ ಹೆಚ್ಚೆಂದರೆ ಹತ್ತು ವರ್ಷದ್ದು. ಕೇಳಿದ ಹೆಸರು ಖಾಲಿ ಇದೆಯೇ ಎಂಬುದನ್ನಷ್ಟೇ ಅವರ ಯಂತ್ರ ನೋಡುತ್ತದೆ. ಅದು ಯಾರ ಟ್ರೇಡ್‌ಮಾರ್ಕ್ ಎಂದು ನೋಡುವ ಹೊಣೆಯನ್ನು ಒಪ್ಪಂದ ನಮ್ಮ ತಲೆಗೇ ಕಟ್ಟುತ್ತದೆ. ನಾವು ಓದದೆ ‘ಒಪ್ಪಿದ್ದೇನೆ’ ಎಂದು ಒತ್ತುವ ಆ ಉದ್ದನೆಯ ಪುಟದಲ್ಲಿ, ‘ನನಗೆ ತಿಳಿದ ಮಟ್ಟಿಗೆ ಈ ನೋಂದಣಿಯಿಂದ ಯಾರ ಹಕ್ಕಿಗೂ ಧಕ್ಕೆ ಇಲ್ಲ’ ಎಂದು ನಾವೇ ಹೇಳಿಕೆ ಕೊಟ್ಟಿರುತ್ತೇವೆ. ವಿವಾದ ಬಂದರೆ ಯುಡಿಆರ್‌ಪಿ ಎಂಬ ವಿಚಾರಣಾ ಪದ್ಧತಿಗೆ ತಲೆಬಾಗುತ್ತೇವೆ ಎಂಬ ಮಾತೂ ಅದರಲ್ಲೇ ಇರುತ್ತದೆ. ‘ನಾನು ಯಾವ ನ್ಯಾಯಾಲಯಕ್ಕೂ ಒಪ್ಪಿಕೊಂಡಿಲ್ಲ’ ಎಂದು ಆಮೇಲೆ ಹೇಳುವ ಹಾಗಿಲ್ಲ.

ಟ್ರೇಡ್‌ಮಾರ್ಕ್‌ನ ಸ್ವಭಾವವೇ ಬೇರೆ. ಅದು ಪದದ ಮೇಲಿನ ಸಂಪೂರ್ಣ ಹಕ್ಕಲ್ಲ. ಇಂಥ ಸರಕಿಗೆ, ಇಂಥ ದೇಶದಲ್ಲಿ ಎಂಬ ಎಲ್ಲೆಯೊಳಗಿನ ಹಕ್ಕು. ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸುವ ಅಂತರರಾಷ್ಟ್ರೀಯ ಪಟ್ಟಿ ಇದೆ. ಒಂದೇ ಪದ ಒಬ್ಬರಿಗೆ ವಿಮಾನ ಸೇವೆಯಲ್ಲಿ, ಇನ್ನೊಬ್ಬರಿಗೆ ನಲ್ಲಿಗಳಲ್ಲಿ ಟ್ರೇಡ್‌ಮಾರ್ಕ್ ಆಗಿರಬಹುದು. ಡೆಲ್ಟಾ ಎಂಬ ಹೆಸರು ಹಾಗೆಯೇ ಇದೆ. ಇಬ್ಬರೂ ಜಗಳವಿಲ್ಲದೆ ಬಾಳುತ್ತಾರೆ. ಡಾಟ್ ಕಾಮ್ ಮಾತ್ರ ಇಡೀ ಲೋಕಕ್ಕೆ ಒಂದೇ. ಹಂಚಿಕೊಂಡು ಬಾಳುವ ಹೆಸರನ್ನು ಒಬ್ಬರೇ ಕೂರಬಹುದಾದ ಕುರ್ಚಿಯ ಮೇಲೆ ಕೂರಿಸಲು ಹೋದದ್ದರಿಂದಲೇ ಇಷ್ಟೆಲ್ಲ ರಗಳೆ. ಇನ್ನೊಂದು ಮಾತು: ಹಲವು ದೇಶಗಳಲ್ಲಿ ನೋಂದಣಿ ಇಲ್ಲದೆಯೂ, ಬಳಸಿ ಹೆಸರು ಗಳಿಸಿದ್ದರಿಂದಲೇ ಹಕ್ಕು ಹುಟ್ಟುತ್ತದೆ. ಸರ್ಕಾರಿ ದಾಖಲೆಯಲ್ಲಿ ಹುಡುಕಿ ‘ಏನೂ ಸಿಗಲಿಲ್ಲ’ ಎಂದು ನಿಟ್ಟುಸಿರು ಬಿಡುವುದು ಅರ್ಧ ಕೆಲಸ.

ಈಗ ಯುಡಿಆರ್‌ಪಿಗೆ ಬರೋಣ. ಡೊಮೈನ್ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ ಇದನ್ನು ಜಾರಿಗೆ ತಂದದ್ದು 1999ರಲ್ಲಿ. ಮೊದಲ ದೂರು ಅದೇ ವರ್ಷದ ಡಿಸೆಂಬರ್‌ನಲ್ಲಿ ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಯ, ಅಂದರೆ ವೈಪೊದ ಮುಂದೆ ಬಂತು. ಕುಸ್ತಿ ಪ್ರದರ್ಶನಗಳ ಒಂದು ದೊಡ್ಡ ಕಂಪನಿಯ ಹೆಸರನ್ನು ಒಬ್ಬ ಅಕ್ಟೋಬರ್‌ನಲ್ಲಿ ನೋಂದಾಯಿಸಿದ್ದ; ಮೂರೇ ದಿನದಲ್ಲಿ 1,000 ಡಾಲರಿಗೆ ಕೊಡುತ್ತೇನೆಂದು ಅದೇ ಕಂಪನಿಗೆ ಸಂದೇಶ ಕಳಿಸಿದ್ದ. ಜಾಲತಾಣವನ್ನೇ ಕಟ್ಟಿರಲಿಲ್ಲ. ಮಾರಾಟದ ಆ ಪ್ರಸ್ತಾಪವೇ ದುರುದ್ದೇಶದ ಬಳಕೆ ಎಂದು ಮೊಟ್ಟಮೊದಲ ತೀರ್ಪೇ ಹೇಳಿಬಿಟ್ಟಿತು. ಈಗ ವೈಪೊ ಒಂದರಲ್ಲೇ ವರ್ಷಕ್ಕೆ 6,000ಕ್ಕೂ ಹೆಚ್ಚು ದೂರುಗಳು ದಾಖಲಾಗುವ ವರ್ಷಗಳಿವೆ.

ದೂರುದಾರ ಮೂರು ಸಂಗತಿಗಳನ್ನು ತೋರಿಸಬೇಕು. ತನಗೆ ಟ್ರೇಡ್‌ಮಾರ್ಕ್ ಹಕ್ಕಿದೆ, ಡೊಮೈನ್ ಅದೇ ಆಗಿದೆ ಅಥವಾ ಗೊಂದಲ ಹುಟ್ಟಿಸುವಷ್ಟು ಹೋಲುತ್ತದೆ ಎಂಬುದು ಮೊದಲನೆಯದು. ಇದು ಬಾಗಿಲಷ್ಟೆ, ಹೆಚ್ಚಿನವರು ಸುಲಭವಾಗಿ ದಾಟುತ್ತಾರೆ. ಡೊಮೈನ್ ಹಿಡಿದವನಿಗೆ ಅದರಲ್ಲಿ ನ್ಯಾಯವಾದ ಹಿತಾಸಕ್ತಿ ಇಲ್ಲ ಎಂಬುದು ಎರಡನೆಯದು. ಮೂರನೆಯದು, ದುರುದ್ದೇಶದಿಂದ ನೋಂದಾಯಿಸಲಾಗಿದೆ ‘ಮತ್ತು’ ದುರುದ್ದೇಶದಿಂದ ಬಳಸಲಾಗುತ್ತಿದೆ ಎಂಬುದು. ಆ ‘ಮತ್ತು’ ಎಂಬ ಪುಟ್ಟ ಪದದ ಮೇಲೆ ಎಷ್ಟೋ ಜನರ ಡೊಮೈನ್‌ಗಳು ಉಳಿದಿವೆ. ಆದರೆ ಅದನ್ನು ಎಲ್ಲ ಕಡೆಯೂ ನೆಚ್ಚಿಕೊಳ್ಳಬೇಡಿ. ದೇಶಗಳ ಸ್ವಂತ ವಿಸ್ತರಣೆಗಳಿಗೆ ಬೇರೆ ನಿಯಮಗಳಿವೆ. ಆಸ್ಟ್ರೇಲಿಯಾದ ಡಾಟ್ ಎಯು, ಭಾರತದ ಡಾಟ್ ಇನ್ ನಿಯಮಗಳಲ್ಲಿ ಆ ಜಾಗದಲ್ಲಿ ‘ಅಥವಾ’ ಇದೆ. ಒಳ್ಳೆಯ ಮನಸ್ಸಿನಿಂದ ಕೊಂಡು ಆಮೇಲೆ ಕೆಟ್ಟದಾಗಿ ಬಳಸಿದರೂ ಅಲ್ಲಿ ಸಾಕಾಗುತ್ತದೆ.

ಸೋತವನ ಕೈಯಿಂದ ಹೋಗುವುದು ಡೊಮೈನ್ ಮಾತ್ರ. ಅದು ದೂರುದಾರನಿಗೆ ವರ್ಗವಾಗುತ್ತದೆ ಅಥವಾ ರದ್ದಾಗುತ್ತದೆ. ಯುಡಿಆರ್‌ಪಿಯಲ್ಲಿ ದಂಡವಿಲ್ಲ, ಪರಿಹಾರ ಧನವಿಲ್ಲ. ಇದನ್ನು ಕೇಳಿ ‘ಹಾಗಾದರೆ ನಷ್ಟವೇನು, ನೋಂದಣಿ ಶುಲ್ಕ ಹೋಯಿತು ಅಷ್ಟೆ’ ಎಂದು ಲೆಕ್ಕ ಹಾಕುವವರನ್ನು ನಾನು ಬಲ್ಲೆ. ಅವರು ಮರೆಯುವುದು ನ್ಯಾಯಾಲಯಗಳನ್ನು. ಅಮೆರಿಕ 1999ರಲ್ಲೇ ಸೈಬರ್‌ಸ್ಕ್ವಾಟಿಂಗ್ ವಿರುದ್ಧ ಪ್ರತ್ಯೇಕ ಕಾನೂನು ಮಾಡಿತು. ನಷ್ಟ ಎಷ್ಟಾಯಿತೆಂದು ಸಾಬೀತು ಮಾಡದೆಯೇ, ಒಂದೊಂದು ಡೊಮೈನಿಗೆ 1,000ದಿಂದ 1,00,000 ಡಾಲರ್ ವರೆಗೆ ಪರಿಹಾರ ಕೇಳಲು ಅದರಲ್ಲಿ ಅವಕಾಶವಿದೆ. ಪ್ರತಿವಾದಿ ಕೈಗೆ ಸಿಗದಿದ್ದರೆ ಡೊಮೈನ್ ಮೇಲೆಯೇ ಮೊಕದ್ದಮೆ ಹೂಡಬಹುದು. ಡಾಟ್ ಕಾಮ್ ಹೆಸರುಗಳ ಮೂಲ ದಾಖಲೆ ಇರುವುದು ಅಮೆರಿಕದ ಕಂಪನಿಯೊಂದರ ಬಳಿ. ಹೀಗಾಗಿ ನೀವು ಯಾವ ಖಂಡದಲ್ಲಿ ಕುಳಿತಿದ್ದರೂ ನಿಮ್ಮ ಡಾಟ್ ಕಾಮ್ ಅವರ ಕೈಗೆಟುಕುವ ದೂರದಲ್ಲಿದೆ.

ಅಂಥ ಒಂದು ಪ್ರಕರಣವನ್ನು ಹತ್ತಿರದಿಂದ ನೋಡೋಣ. ಜೋ ಕಾರ್ಟೂನ್ ಡಾಟ್ ಕಾಮ್ ಎಂಬ ಜನಪ್ರಿಯ ವ್ಯಂಗ್ಯಚಿತ್ರ ತಾಣವಿತ್ತು. ಒಬ್ಬಾತ ಅದರ ಐದು ತಪ್ಪು ಕಾಗುಣಿತಗಳನ್ನು ನೋಂದಾಯಿಸಿದ: ‘ಜೋಸ್ ಕಾರ್ಟೂನ್’, ‘ಜೋ ಕಾರ್ಟನ್’, ‘ಕಾರ್ಟೂನ್ ಜೋ’ ಹೀಗೆ. ಅವಸರದಲ್ಲಿ ಬೆರಳು ಜಾರಿದವನು ಅಲ್ಲಿಗೆ ಹೋಗಿ ಬೀಳುತ್ತಿದ್ದ. ಒಂದು ಜಾಹೀರಾತು ಮುಚ್ಚಿದರೆ ಇನ್ನೊಂದು ತೆರೆದುಕೊಳ್ಳುತ್ತಿತ್ತು. ಇಲಿಬೋನಿಗೆ ಬಿದ್ದ ಹಾಗೆ. ಪ್ರತಿ ಕ್ಲಿಕ್ಕಿಗೆ ಆತನಿಗೆ 10ರಿಂದ 25 ಸೆಂಟ್ ಬರುತ್ತಿತ್ತು. ಮೊಕದ್ದಮೆ ಬಿದ್ದದ್ದೇ ತಡ, ಪುಟಗಳನ್ನೆಲ್ಲ ಬದಲಿಸಿ, ‘ಇದು ಆ ವ್ಯಂಗ್ಯಚಿತ್ರಗಳ ಕ್ರೌರ್ಯದ ವಿರುದ್ಧ ಪ್ರತಿಭಟನೆ’ ಎಂದು ಬರೆದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ನ್ಯಾಯಾಲಯ ಡೊಮೈನ್ ಒಂದಕ್ಕೆ 10,000 ಡಾಲರಿನಂತೆ ವಿಧಿಸಿತು. ಎದುರು ಪಕ್ಷದ ವಕೀಲರ ಖರ್ಚು ಬೇರೆ. 2001ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಕಾಗುಣಿತ ತಪ್ಪಿಸಿದ ಹೆಸರುಗಳ ಬಗ್ಗೆ ನನ್ನ ಅಭಿಪ್ರಾಯ ಚಿಕ್ಕದು: ಮುಟ್ಟಬೇಡಿ. ಬೇರೆ ಯಾವ ಹೆಸರಿಗಾದರೂ ಸಮಜಾಯಿಷಿ ಹುಡುಕಬಹುದು, ಇದಕ್ಕೆ ಇಲ್ಲ.

ಪುಟವನ್ನು ಖಾಲಿ ಬಿಟ್ಟರೆ ಬಚಾವಾಗಬಹುದೇ? ಇದಕ್ಕೆ ಉತ್ತರ 2000ನೇ ಇಸವಿಯಲ್ಲೇ ಬಂತು. ಟೆಲ್‌ಸ್ಟ್ರಾ ಎಂಬ ಆಸ್ಟ್ರೇಲಿಯಾದ ದೂರವಾಣಿ ಕಂಪನಿಯ ಹೆಸರನ್ನು ಒಬ್ಬರು ಡಾಟ್ ಆರ್ಗ್‌ನಲ್ಲಿ ಹಿಡಿದಿದ್ದರು. ತಾಣವಿಲ್ಲ, ಜಾಹೀರಾತಿಲ್ಲ, ಮಾರಾಟದ ಮಾತೂ ಇಲ್ಲ. ಏನೂ ಮಾಡದೆ ಹಿಡಿದುಕೊಂಡಿರುವುದೂ ಸಂದರ್ಭ ನೋಡಿದರೆ ದುರುದ್ದೇಶದ ಬಳಕೆಯಾಗಬಹುದು ಎಂದು ತೀರ್ಪುಗಾರರು ಹೇಳಿದರು. ಹೆಸರು ಅಷ್ಟೊಂದು ಪ್ರಸಿದ್ಧ, ಹಿಡಿದವರು ಕೊಟ್ಟ ವಿಳಾಸ ಸುಳ್ಳು, ಆ ಹೆಸರನ್ನು ಬೇರೆಯವರು ನ್ಯಾಯವಾಗಿ ಬಳಸುವ ದಾರಿಯೊಂದನ್ನೂ ಕಲ್ಪಿಸಿಕೊಳ್ಳಲಾಗದು, ಇವೆಲ್ಲ ಸೇರಿದಾಗ. ಟೆಲ್‌ಸ್ಟ್ರಾ ಎಂಬುದು ನಿಘಂಟಿನಲ್ಲಿ ಇಲ್ಲದ ಪದ ಎಂಬುದನ್ನು ಗಮನಿಸಿ. ಸೃಷ್ಟಿಸಿದ ಪದದಲ್ಲಿ ಕಾಕತಾಳೀಯಕ್ಕೆ ಜಾಗವಿಲ್ಲ.

ನಿಘಂಟಿನಲ್ಲಿರುವ ಪದವಾದರೆ? ಅದೇ 2000ದಲ್ಲಿ ಇಬ್ಬರು ಗಾಯಕರು ತಮ್ಮ ಹೆಸರಿನ ಡಾಟ್ ಕಾಮ್ ತಮಗೆ ಬೇಕೆಂದು ವೈಪೊಗೆ ದೂರು ಕೊಟ್ಟರು. ಸ್ಟಿಂಗ್ ಸೋತರು, ಮಡೋನಾ ಗೆದ್ದರು. ಸ್ಟಿಂಗ್ ಎಂದರೆ ಇಂಗ್ಲಿಷಿನಲ್ಲಿ ಕುಟುಕು ಎಂಬ ಸಾಮಾನ್ಯ ಪದ, ಅದನ್ನು ಯಾರು ಬೇಕಾದರೂ ತಮ್ಮದೇ ಕಾರಣಕ್ಕೆ ಇಟ್ಟುಕೊಳ್ಳಬಹುದು ಎಂದಾಯಿತು. ಮಡೋನಾ ಎಂಬುದೂ ನಿಘಂಟಿನಲ್ಲಿದೆ, ಕ್ರಿಸ್ತನ ತಾಯಿಯ ಹೆಸರು. ಆದರೆ ಆ ಡೊಮೈನನ್ನು 20,000 ಡಾಲರ್ ಕೊಟ್ಟು ಕೊಂಡವನು ಅದರಲ್ಲಿ ವಯಸ್ಕರ ತಾಣ ನಡೆಸುತ್ತಿದ್ದ. ಗಾಯಕಿಯ ಖ್ಯಾತಿಗೆ ಬರುವ ಜನರನ್ನು ನೆಚ್ಚಿಯೇ ಈ ಬೆಲೆ ಕೊಟ್ಟಿದ್ದಾನೆ ಎಂದು ತೀರ್ಪುಗಾರರಿಗೆ ಅನಿಸಿತು. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರಿದ ಎನ್ನುವಂತೆ ಆತ ಟ್ಯುನೀಸಿಯಾದಲ್ಲಿ ಆ ಪದಕ್ಕೆ ತಾನೇ ಟ್ರೇಡ್‌ಮಾರ್ಕ್ ನೋಂದಾಯಿಸಿಕೊಂಡಿದ್ದ. ಅದೂ ನಡೆಯಲಿಲ್ಲ. ನೆಪಕ್ಕಾಗಿ ಮಾಡಿಸಿದ ನೋಂದಣಿಯಿಂದ ನ್ಯಾಯವಾದ ಹಿತಾಸಕ್ತಿ ಹುಟ್ಟುವುದಿಲ್ಲ ಎಂದರು. ಅಂದರೆ ನಿಘಂಟು ನಿಮಗೆ ಕೊಡುವುದು ಅರ್ಧ ರಕ್ಷಣೆ. ಪದವನ್ನು ಅದರ ಅರ್ಥಕ್ಕಾಗಿ ಬಳಸಿದ್ದೀರೋ, ಅದನ್ನು ಹೊತ್ತು ಮೆರೆದವರ ಖ್ಯಾತಿಗಾಗಿ ಬಳಸಿದ್ದೀರೋ ಎಂಬುದು ಉಳಿದರ್ಧ.

ಜೊತೆಗೆ, ಸಾಮಾನ್ಯ ಪದ ಯಾವತ್ತೂ ಯಾರ ಸ್ವತ್ತೂ ಆಗುವುದಿಲ್ಲ ಎಂಬ ನಂಬಿಕೆಯೂ ಈಗ ಸ್ವಲ್ಪ ಸಡಿಲವಾಗಿದೆ. 2020ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಬುಕಿಂಗ್ ಡಾಟ್ ಕಾಮ್ ಎಂಬುದನ್ನು ಗ್ರಾಹಕರು ಒಂದು ಕಂಪನಿಯ ಗುರುತಾಗಿ ಕಾಣುತ್ತಾರಾದರೆ ಅದು ಟ್ರೇಡ್‌ಮಾರ್ಕ್ ಆಗಬಹುದು ಎಂದಿತು.

ಇಲ್ಲಿಯವರೆಗೆ ಹೇಳಿದ್ದು ಎಲ್ಲರಿಗೂ ಅನ್ವಯಿಸುತ್ತದೆ. ಕೊಂಡು ಮಾರುವವರಿಗೇ ವಿಶೇಷವಾದ ಮೂರು ಹೊಂಡಗಳಿವೆ. ಅವುಗಳಲ್ಲಿ ಒಂದಕ್ಕೆ ನಾನೂ ಬಿದ್ದೆ.

ಮೊದಲನೆಯದು ತಾರೀಖು. ಹತ್ತಿಪ್ಪತ್ತು ವರ್ಷ ಹಳೆಯ ಡೊಮೈನ್ ಮಾರಾಟಕ್ಕೆ ಬಂದಾಗ, ‘ಈ ಹೆಸರು ಹುಟ್ಟಿದ್ದು 2003ರಲ್ಲಿ, ಆ ಕಂಪನಿ ಹುಟ್ಟಿದ್ದು 2015ರಲ್ಲಿ, ಹೆಸರೇ ಹಿರಿಯದು, ಭಯವಿಲ್ಲ’ ಎಂದು ಮಾರುವವನು ಹೇಳುತ್ತಾನೆ. ಆತನ ಮಟ್ಟಿಗೆ ಅದು ನಿಜ. 2003ರಲ್ಲಿ ಆತನ ಮನಸ್ಸಿನಲ್ಲಿ ಹುಟ್ಟಿರದ ಕಂಪನಿ ಇರಲು ಸಾಧ್ಯವಿಲ್ಲ. ನೀವು ಇವತ್ತು ಕೊಂಡರೆ ಯುಡಿಆರ್‌ಪಿ ತೀರ್ಪುಗಾರರ ಕಣ್ಣಿಗೆ ನೋಂದಣಿಯ ತಾರೀಖು ಇವತ್ತು. ನವೀಕರಣದಿಂದ ತಾರೀಖು ಬದಲಾಗುವುದಿಲ್ಲ, ಕೈ ಬದಲಾದರೆ ಬದಲಾಗುತ್ತದೆ. ಮಾರುವವನ ಹಿರಿತನ ಡೊಮೈನ್ ಜೊತೆ ನಿಮಗೆ ಬರುವುದಿಲ್ಲ, ಅವನ ಬಳಿಯೇ ಉಳಿಯುತ್ತದೆ. ನೀವು ಹಿರಿತನಕ್ಕೂ ಸೇರಿಸಿ ಬೆಲೆ ಕೊಟ್ಟಿರುತ್ತೀರಿ! ಈ ವ್ಯಾಪಾರದಲ್ಲಿ ಅತಿ ಹೆಚ್ಚು ಹಣ ಸದ್ದಿಲ್ಲದೆ ಸೋರುವುದು ಇಲ್ಲಿಯೇ ಎಂಬುದು ನನ್ನ ಅನಿಸಿಕೆ.

ತಾರೀಖಿನ ವಿಷಯದಲ್ಲಿ ಇನ್ನೊಂದು ತಿರುವೂ ಇದೆ. ಟ್ರೇಡ್‌ಮಾರ್ಕ್ ಹುಟ್ಟುವ ಮುಂಚೆಯೇ ನೋಂದಾಯಿಸಿದ ಡೊಮೈನ್ ಸಾಮಾನ್ಯವಾಗಿ ಸುರಕ್ಷಿತ. ಆದರೆ ಎರಡು ಕಂಪನಿಗಳು ವಿಲೀನವಾಗುತ್ತವೆ ಎಂಬ ಸುದ್ದಿ ಬೆಳಿಗ್ಗೆ ಬಂತು, ಎರಡೂ ಹೆಸರು ಸೇರಿಸಿದ ಡೊಮೈನನ್ನು ಮಧ್ಯಾಹ್ನ ನೋಂದಾಯಿಸಿದಿರಿ ಎಂದಾದರೆ, ಆ ಸಂಯುಕ್ತ ಹೆಸರಿಗೆ ಇನ್ನೂ ಟ್ರೇಡ್‌ಮಾರ್ಕ್ ಇಲ್ಲ ಎಂಬ ವಾದ ನಿಲ್ಲುವುದಿಲ್ಲ. ಸುದ್ದಿಯ ಗಂಟೆ, ನಿಮ್ಮ ನೋಂದಣಿಯ ಗಂಟೆ ಎರಡೂ ದಾಖಲೆಯಲ್ಲಿರುತ್ತವೆ.

ಎರಡನೆಯದು ಪಾರ್ಕಿಂಗ್, ಅಂದರೆ ಸುಮ್ಮನೆ ಬಿದ್ದಿರುವ ಡೊಮೈನಿನ ಪುಟದಲ್ಲಿ ಜಾಹೀರಾತು ಹಾಕಿಸುವ ಸೇವೆ. ಇದು ನನ್ನ ಕಥೆ. ಅವಧಿ ಮುಗಿದ ಹೆಸರುಗಳ ಹರಾಜಿನಲ್ಲಿ ನಾನು ಒಂದು ಡೊಮೈನ್ ಕೊಂಡೆ. ಒಂದು ಬಣ್ಣ, ಒಂದು ಮರ, ಎರಡು ಸಾಮಾನ್ಯ ಇಂಗ್ಲಿಷ್ ಪದಗಳು. ಇದಕ್ಕಿಂತ ನಿರುಪದ್ರವಿ ಹೆಸರು ಇನ್ನೊಂದಿರಲಾರದು ಎಂದುಕೊಂಡಿದ್ದೆ. ಗಿರಾಕಿ ಬರುವವರೆಗೆ ಎಂದು ಪಾರ್ಕಿಂಗ್ ಸೇವೆಗೆ ಹಚ್ಚಿ ಮರೆತೆ. ಎಂಟು ತಿಂಗಳ ಮೇಲೆ ಒಂದು ಪೀಠೋಪಕರಣ ಕಂಪನಿಯ ವಕೀಲರ ಪತ್ರ ಬಂತು. ಅದೇ ಎರಡು ಪದ ಅವರ ಟ್ರೇಡ್‌ಮಾರ್ಕ್. ಪತ್ರದ ಜೊತೆ ನನ್ನ ಪುಟದ ಚಿತ್ರವಿತ್ತು, ಮೂಲೆಯಲ್ಲಿ ದಿನಾಂಕ ಮತ್ತು ಸಮಯ ಸಮೇತ. ನೆತ್ತಿಯ ಮೇಲೆ ‘ಈ ಡೊಮೈನ್ ಮಾರಾಟಕ್ಕಿದೆ’. ಅದರ ಕೆಳಗೆ ಮೂರು ಕೊಂಡಿಗಳು: ಊಟದ ಮೇಜು, ಸೋಫಾ ರಿಯಾಯಿತಿ, ಮರದ ಮಂಚ. ಮರದ ಹೆಸರು ಕಂಡ ಯಂತ್ರ ಅದಕ್ಕೆ ತಕ್ಕ ಜಾಹೀರಾತು ಹಾಕಿತ್ತು. ಕೊಂಡಿ ಒತ್ತಿದವರು ಹೋಗುತ್ತಿದ್ದದ್ದು ಆ ಕಂಪನಿಯ ಪ್ರತಿಸ್ಪರ್ಧಿಗಳ ಅಂಗಡಿಗೆ.

ಆ ಪುಟವನ್ನು ನಾನು ಒಮ್ಮೆಯೂ ತೆರೆದು ನೋಡಿರಲಿಲ್ಲ. ನೋಡಿದ್ದರೂ ಅದೇ ಜಾಹೀರಾತು ಕಾಣುತ್ತಿತ್ತೆಂದು ಹೇಳಲಾಗದು. ನೋಡುವವರ ದೇಶಕ್ಕೆ ತಕ್ಕಂತೆ ಅವು ಬದಲಾಗುತ್ತವೆ. ‘ಯಂತ್ರ ಹಾಕಿದ್ದು, ನಾನಲ್ಲ’ ಎಂದು ಬರೆಯಲು ಕುಳಿತೆ. ಬರೆಯುವ ಮೊದಲು ಹಳೆಯ ತೀರ್ಪುಗಳನ್ನು ಓದಿದೆ, ಪುಣ್ಯ. ತಾನಾಗಿಯೇ ಮೂಡುವ ಜಾಹೀರಾತುಗಳಿಗೂ ಡೊಮೈನ್ ಹಿಡಿದವನೇ ಹೊಣೆ ಎಂಬುದು ಅಲ್ಲಿ ನೆಲೆಯೂರಿದ ಅಭಿಪ್ರಾಯ. ಅದರಿಂದ ತನಗೆ ಒಂದು ಪೈಸೆಯೂ ಬಂದಿಲ್ಲ ಎಂದರೂ ಅಷ್ಟೆ. ನಾನು ಹೆಸರನ್ನು ಬಿಟ್ಟುಕೊಟ್ಟೆ, ಹರಾಜಿನ ಹಣ ಕೈಬಿಟ್ಟಿತು. ಅದೇ ಪುಟದಲ್ಲಿ ಜಾಹೀರಾತಿಲ್ಲದೆ ‘ಮಾರಾಟಕ್ಕಿದೆ’ ಎಂಬ ಒಂದು ಸಾಲು ಮಾತ್ರ ಇದ್ದಿದ್ದರೆ ವಾದಿಸಲು ನನಗೆ ಗಟ್ಟಿ ನೆಲವಿರುತ್ತಿತ್ತು. ಸಾಮಾನ್ಯ ಪದಗಳ ಡೊಮೈನನ್ನು ಮಾರಾಟಕ್ಕಿಡುವುದು ತನ್ನಷ್ಟಕ್ಕೆ ತಪ್ಪಲ್ಲ ಎಂದು ಎಷ್ಟೋ ತೀರ್ಪುಗಳು ಒಪ್ಪಿವೆ.

ನಿಸಾನ್ ಡಾಟ್ ಕಾಮ್ ಪ್ರಕರಣವನ್ನು ನಾನು ಆ ವಾರವೇ ಮತ್ತೆ ಓದಿದ್ದು. ನಿಸಾನ್ ಎಂಬುದು ಒಬ್ಬ ವ್ಯಾಪಾರಿಯ ಕುಟುಂಬದ ಹೆಸರು. ತನ್ನ ಕಂಪ್ಯೂಟರ್ ವ್ಯವಹಾರಕ್ಕಾಗಿ 1994ರಲ್ಲಿ ಆ ಡೊಮೈನ್ ಪಡೆದಿದ್ದರು. 1999ರಲ್ಲಿ ಕಾರು ಕಂಪನಿ ಮೊಕದ್ದಮೆ ಹೂಡಿತು. ಡೊಮೈನ್ ಕೊನೆಗೂ ಅವರಲ್ಲೇ ಉಳಿಯಿತು, ವರ್ಷಗಟ್ಟಲೆ ಹೋರಾಡಿದ ಮೇಲೆ. ಆದರೆ ಆ ತಾಣದಲ್ಲಿ ಸ್ವಲ್ಪ ಕಾಲ ಕಾರುಗಳ ಜಾಹೀರಾತು ಹಾಕಿದ್ದರು. 2004ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ವಿರುದ್ಧ ಹೋದದ್ದು ಆ ಒಂದೇ ಅಂಶದಲ್ಲಿ. ಹೆಸರು ನಿಮ್ಮ ತಂದೆಯದೇ ಆಗಿದ್ದರೂ ಕಾರಿನ ಜಾಹೀರಾತು ನಿಮ್ಮದಲ್ಲ.

ಮೂರನೆಯದು ಮಾರಾಟದ ಪತ್ರ. ಪಾನಾವಿಷನ್‌ನಿಂದ ಇವತ್ತಿನವರೆಗೆ ಸೋತವರ ಕಡತ ತೆರೆದರೆ, ಎಷ್ಟೋ ಕಡೆ ಅವರೇ ಬರೆದ ಪತ್ರ ಮೊದಲ ಸಾಕ್ಷ್ಯವಾಗಿ ಸಿಗುತ್ತದೆ. ಟ್ರೇಡ್‌ಮಾರ್ಕ್ ಒಡೆಯನಿಗೋ ಅವನ ಪ್ರತಿಸ್ಪರ್ಧಿಗೋ, ಖರ್ಚಿಗಿಂತ ಹೆಚ್ಚಿನ ಬೆಲೆಗೆ ಮಾರುವುದೇ ಮುಖ್ಯ ಉದ್ದೇಶವಾಗಿ ಹೆಸರು ಹಿಡಿಯುವುದನ್ನು ಯುಡಿಆರ್‌ಪಿ ದುರುದ್ದೇಶದ ಮೊದಲ ಉದಾಹರಣೆಯಾಗಿ ಕೊಡುತ್ತದೆ. ಕೇಳದಿದ್ದವರಿಗೆ ನೀವಾಗಿಯೇ ‘ನಿಮ್ಮ ಬ್ರಾಂಡಿನ ಹೆಸರು ನನ್ನ ಬಳಿ ಇದೆ, ಬೇರೆಯವರ ಕೈಗೆ ಹೋಗುವ ಮುನ್ನ ಕೊಳ್ಳಿ’ ಎಂದು ಬರೆದರೆ ದೂರಿನ ಅರ್ಧ ಭಾಗವನ್ನು ನೀವೇ ಬರೆದುಕೊಟ್ಟ ಹಾಗೆ. ಅವರೇ ಬಂದು ಬೆಲೆ ಕೇಳಿದಾಗ ಹೇಳುವುದು ಬೇರೆ. ಹೆಸರು ಹಿಡಿಯಲು ನಿಮಗೆ ಸ್ವತಂತ್ರ ಕಾರಣವಿದ್ದರೆ ಹೆಚ್ಚಿನ ಬೆಲೆ ಕೇಳುವುದರಿಂದ ಮಾತ್ರ ದುರುದ್ದೇಶ ಸಾಬೀತಾಗುವುದಿಲ್ಲ.

ಕಂಪನಿಗಳೆಲ್ಲ ಗೆದ್ದಲು, ನಾವೆಲ್ಲ ಹಾವು ಎಂದು ತಿಳಿಯಬೇಕಾಗಿಲ್ಲ. ಉಲ್ಟಾ ಆಗುವುದೂ ಉಂಟು. ಕಂಪನಿ ಮೊದಲು ಡೊಮೈನ್ ಕೊಳ್ಳಲು ಕೇಳುತ್ತದೆ, ಬೆಲೆ ಒಗ್ಗುವುದಿಲ್ಲ, ಆಮೇಲೆ ಟ್ರೇಡ್‌ಮಾರ್ಕ್ ಹೆಸರಿನಲ್ಲಿ ದೂರು ಕೊಡುತ್ತದೆ. ನಮ್ಮ ವಲಯದಲ್ಲಿ ಇದಕ್ಕೆ ‘ಪ್ಲಾನ್ ಬಿ’ ಎನ್ನುತ್ತಾರೆ. ಅಂಥ ದೂರನ್ನು ತೀರ್ಪುಗಾರರು ‘ಹಿಮ್ಮುಖ ಡೊಮೈನ್ ಅಪಹರಣ’ ಎಂದು ತೀರ್ಪಿನಲ್ಲಿ ದಾಖಲಿಸಬಹುದು. ದಂಡವಿಲ್ಲ, ನಿಮ್ಮ ಖರ್ಚೂ ವಾಪಸು ಬರುವುದಿಲ್ಲ, ಆದರೆ ಆ ಸಾಲು ಸಾರ್ವಜನಿಕ ದಾಖಲೆಯಲ್ಲಿ ಶಾಶ್ವತವಾಗಿ ಉಳಿಯುತ್ತದೆ. ದೊಡ್ಡ ಲೆಟರ್‌ಹೆಡ್ ನೋಡಿ ಬೆದರಿ ಒಳ್ಳೆಯ ಹೆಸರನ್ನು ಪುಕ್ಕಟೆ ಒಪ್ಪಿಸಿದವರನ್ನೂ ನಾನು ನೋಡಿದ್ದೇನೆ. ಅವರ ಬಗ್ಗೆ ನನಗೆ ಹೆಚ್ಚು ಬೇಸರ.

ನಾನು ಕೊಳ್ಳುವ ಮುನ್ನ ಮಾಡುವ ಕೆಲಸ ದೊಡ್ಡದೇನಲ್ಲ. ವೈಪೊದ ಜಾಗತಿಕ ಬ್ರಾಂಡ್ ಕೋಶದಲ್ಲಿ ಉಚಿತವಾಗಿ ಹುಡುಕಬಹುದು, ಅಲ್ಲಿ ನೋಡುತ್ತೇನೆ. ಉಲ್ಲೇಖ ಚಿಹ್ನೆ ಹಾಕಿ ಸಾಮಾನ್ಯ ಹುಡುಕಾಟ ಮಾಡುತ್ತೇನೆ. ಮೊದಲ ಪುಟವೆಲ್ಲ ಒಂದೇ ಕಂಪನಿಯಾದರೆ ಬಿಡುತ್ತೇನೆ, ಹತ್ತು ಬೇರೆ ಬೇರೆ ಜನ ಬಳಸುತ್ತಿದ್ದರೆ ಧೈರ್ಯ ಬರುತ್ತದೆ. ಅವಧಿ ಮುಗಿದ ಹೆಸರಾದರೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಅದರ ಹಳೆಯ ಪುಟಗಳನ್ನು ತೆರೆದು, ಯಾರು ಬಿಟ್ಟು ಹೋದರು, ಅವರ ವ್ಯವಹಾರ ಇನ್ನೂ ನಡೆಯುತ್ತಿದೆಯೇ ಎಂದು ನೋಡುತ್ತೇನೆ. ನವೀಕರಣ ಮರೆತವರು ವ್ಯಾಪಾರ ಬಿಟ್ಟವರೆಂದು ಅರ್ಥವಲ್ಲ. ಕೊನೆಗೆ, ಈ ಹೆಸರನ್ನು ಏಕೆ ಕೊಂಡೆ ಎಂದು ಆ ದಿನವೇ ಎರಡು ಸಾಲು ಬರೆದಿಡುತ್ತೇನೆ. ಐದು ವರ್ಷದ ನಂತರ ನೆನಪಿನಿಂದ ಹೇಳುವ ಕಾರಣಕ್ಕೆ ತೂಕವಿರುವುದಿಲ್ಲ.

ಇನ್ನು ಸಭಿಕರ ಪ್ರಶ್ನೆಗಳು.

ಬ್ರಾಂಡಿನ ಹೆಸರಿಗೆ ‘ಶಾಪ್’, ‘ಆನ್‌ಲೈನ್’ ಎಂದು ಸೇರಿಸಿದರೆ ಬೇರೆ ಹೆಸರಾಗುವುದಿಲ್ಲವೇ ಎಂದು ಒಬ್ಬರು ಕೇಳಿದರು. ಇಲ್ಲ. ಡೊಮೈನಿನೊಳಗೆ ಟ್ರೇಡ್‌ಮಾರ್ಕ್ ಗುರುತು ಸಿಗುವಂತಿದ್ದರೆ ಹೋಲಿಕೆಯ ಪ್ರಶ್ನೆ ಮುಗಿಯಿತು. ಚುಕ್ಕಿಯ ಬಲಗಡೆ ಏನಿದೆ ಎಂಬುದನ್ನು ಹೋಲಿಕೆಯಲ್ಲಿ ಸಾಮಾನ್ಯವಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ‘ಶಾಪ್’ ಸೇರಿಸಿದರೆ ಕೆಲವೊಮ್ಮೆ ಇನ್ನೂ ಕೆಡುತ್ತದೆ, ಅದು ಆ ಕಂಪನಿಯದೇ ಅಂಗಡಿ ಎಂಬ ಭ್ರಮೆ ಹುಟ್ಟಿಸುತ್ತದೆ.

ಗೌಪ್ಯತೆ ಸೇವೆ ಇಟ್ಟುಕೊಂಡರೆ ತನ್ನ ಹೆಸರು ಹೊರಬರುವುದಿಲ್ಲವಲ್ಲ ಎಂದರು ಇನ್ನೊಬ್ಬರು. ದೂರು ದಾಖಲಾದ ಕೂಡಲೇ ರಿಜಿಸ್ಟ್ರಾರ್ ನಿಮ್ಮ ವಿವರವನ್ನು ವಿಚಾರಣೆ ನಡೆಸುವ ಸಂಸ್ಥೆಗೆ ಕೊಡಬೇಕು, ಎರಡು ಕೆಲಸದ ದಿನಗಳೊಳಗೆ ಡೊಮೈನಿಗೆ ಬೀಗ ಹಾಕಬೇಕು. ಆಮೇಲೆ ಮಾರಲಾಗದು, ಬೇರೆ ಕಡೆ ಸಾಗಿಸಲಾಗದು. ಖಾಸಗಿತನಕ್ಕೆ ಆ ಸೇವೆ ಒಳ್ಳೆಯದೇ, ಅಡಗಿಕೊಳ್ಳಲು ಅಲ್ಲ.

ದೂರು ಬಂದೇಬಿಟ್ಟರೆ? 20 ದಿನಗಳೊಳಗೆ ಉತ್ತರ ಕೊಡಬೇಕು, ಕೇಳಿಕೊಂಡರೆ ಇನ್ನೂ ನಾಲ್ಕು ದಿನ ಸಿಗುತ್ತದೆ. ವೈಪೊದಲ್ಲಿ ಒಬ್ಬ ತೀರ್ಪುಗಾರರಿಗೆ ಐದು ಡೊಮೈನ್‌ಗಳವರೆಗೆ ಶುಲ್ಕ 1,500 ಡಾಲರ್, ಅದನ್ನು ದೂರುದಾರನೇ ಕಟ್ಟುತ್ತಾನೆ. ಮೂವರು ತೀರ್ಪುಗಾರರು ಬೇಕೆಂದು ನೀವು ಕೇಳಿದರೆ 4,000ದಲ್ಲಿ ಅರ್ಧ ನಿಮ್ಮದು. ನಿಜವಾಗಿಯೂ ಬೆಲೆಬಾಳುವ ಸಾಮಾನ್ಯ ಪದವಾದರೆ ಆ 2,000 ಕೊಡಿ ಎನ್ನುತ್ತೇನೆ. ಸೋತರೂ, ವರ್ಗಾವಣೆಗೆ ಮುನ್ನ ಹತ್ತು ಕೆಲಸದ ದಿನಗಳಿರುತ್ತವೆ, ಅಷ್ಟರೊಳಗೆ ನ್ಯಾಯಾಲಯಕ್ಕೆ ಹೋದರೆ ಅದು ತಡೆಯುತ್ತದೆ. ಪತ್ರ ಬಂದ ಮೇಲೆ ಪುಟವನ್ನು ರಾತ್ರೋರಾತ್ರಿ ಬದಲಿಸುವುದು ಮಾತ್ರ ಬೇಡ, ಅವರ ಬಳಿ ಚಿತ್ರ ಆಗಲೇ ಇರುತ್ತದೆ.

ಸಭೆ ಮುಗಿದ ಮೇಲೆ ಒಬ್ಬ ಹುಡುಗ ಬಾಗಿಲ ಬಳಿ ಕಾಯುತ್ತಿದ್ದ. ಮೊಬೈಲಿನಲ್ಲಿ ಹೆಸರುಗಳ ಪಟ್ಟಿ. ನಲವತ್ತಕ್ಕೂ ಹೆಚ್ಚು, ಎಲ್ಲದರಲ್ಲೂ ಕೃತಕ ಬುದ್ಧಿಮತ್ತೆಯ ಯಾವುದಾದರೊಂದು ಪ್ರಸಿದ್ಧ ಸೇವೆಯ ಹೆಸರು, ಅದರ ಬಾಲಕ್ಕೆ ‘ಹೆಲ್ಪ್’, ‘ಗೈಡ್’, ‘ಪ್ರೊ’. ಇಬ್ಬರೂ ಮೆಟ್ಟಿಲ ಮೇಲೆ ಕುಳಿತು ಮೇಲಿನಿಂದ ಕೆಳಗೆ ಓದಿದೆವು. ಬ್ರಾಂಡಿನ ಹೆಸರಿಲ್ಲದವು ಮೂರು ಸಿಕ್ಕವು. ಅವು ಚೆನ್ನಾಗಿಯೇ ಇದ್ದವು. ಉಳಿದವಕ್ಕೆ ಎಷ್ಟು ಖರ್ಚಾಯಿತು ಎಂದು ನಾನು ಕೇಳಲಿಲ್ಲ, ಯಾವಾಗ ನೋಂದಾಯಿಸಿದೆ ಎಂದು ಕೇಳಿದೆ. ಮೊನ್ನೆ ರಾತ್ರಿ ಎಂದ. ಡಾಟ್ ಕಾಮ್‌ನಲ್ಲಿ ಹೊಸ ನೋಂದಣಿಯನ್ನು ಮೊದಲ ಐದು ದಿನಗಳೊಳಗೆ ಅಳಿಸಲು ಅವಕಾಶವಿದೆ, ಹಣ ಹಿಂದಿರುಗಿಸುವುದು ಬಿಡುವುದು ರಿಜಿಸ್ಟ್ರಾರ್ ನಿಯಮಕ್ಕೆ ಬಿಟ್ಟದ್ದು ಎಂದೆ. ಆತ ಬೆರಳು ಮಡಚಿ ಎಣಿಸಿದ. ಆಮೇಲೆ ಅಲ್ಲೇ ಕುಳಿತು ತನ್ನ ಖಾತೆ ತೆರೆದ.